ಪಂಚಮಿಯ ದಿನ ಬಡಿದ ರೊಟ್ಟಿ

ನನ್ನ ತಂಗಿಯಂಥ ಮಕ್ಕಳಿಗೆ ಆ ಕಾಲದಲ್ಲಿ ಒಂದು ಹೆಸರೂ ಇರಲಿಲ್ಲವಲ್ಲ ಎಂದು ಈಗಿನವರು ಮರುಗುತ್ತಾರೆ. ಸುಳ್ಳು. ಹೆಸರುಗಳಿಗೆ ಬರವೇ ಇರಲಿಲ್ಲ. ಬಳ್ಳಾರಿಯ ನಮ್ಮ ಓಣಿಯಲ್ಲಿ ಕನ್ನಡದವರು ಮಳ್ಳಿ ಅಂದರು, ತೆಲುಗಿನವರು ಪಿಚ್ಚಿ ಅಂದರು, ಉರ್ದು ಮಾತಾಡುವವರು ದಿವಾನಿ ಅಂದರು. ಮೂರು ಭಾಷೆಯ ಊರಲ್ಲಿ ಹುಟ್ಟಿದ್ದರ ಲಾಭ ಅದು. ಮೆತ್ತನೆ ಮನಸ್ಸಿನವರು ‘ದೇವರ ಕೂಸು’ ಎಂದು ಕೈಮುಗಿದು, ತಮ್ಮ ಮಕ್ಕಳನ್ನು ಆ ದೇವರ ಹತ್ತಿರ ಸುಳಿಯದಂತೆ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಡಾಕ್ಟರೊಬ್ಬರು ಮಾತ್ರ ಒಂದು ಇಂಗ್ಲಿಷ್ ಹೆಸರನ್ನು ಚೀಟಿಯ ಮೇಲೆ ಬರೆದುಕೊಟ್ಟಿದ್ದರು. ಅಪ್ಪ ಅದನ್ನು ಪ್ರಸಾದದ ಹಾಗೆ ಮಡಚಿ ತಂದು, ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟ. ಮನೆಯಲ್ಲಿ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಗೋಡೆ ತೇವ ಹಿಡಿದು ಅಕ್ಷರ ಅಳಿಸಿಹೋದವು. ತಂಗಿ ಇದ್ದ ಹಾಗೇ ಇದ್ದಳು.

ನಾನು ಹೇಳುತ್ತಿರುವುದು ಎರಡನೆಯ ಮಹಾಯುದ್ಧದ ವರ್ಷಗಳ ಮಾತು. ನನಗೆ ಹತ್ತು, ಅವಳಿಗೆ ಆರು. ಬಾಯಲ್ಲಿ ಮೂರೋ ನಾಲ್ಕೋ ಮಾತು. ಕರೆದರೆ ತಿರುಗುತ್ತಿರಲಿಲ್ಲ; ತಿರುಗಿದರೂ ನಮ್ಮ ಮುಖ ಬಿಟ್ಟು ಹಿಂದಿನ ಗೋಡೆ ನೋಡುತ್ತಿದ್ದಳು. ಆದರೆ ಬೆಳಗಾಗುವ ಹೊತ್ತಿಗೆ ಅವ್ವ ಹಲಗೆಯ ಮೇಲೆ ಜೋಳದ ಹಿಟ್ಟಿಟ್ಟು ಪಟಪಟ ರೊಟ್ಟಿ ಬಡಿಯತೊಡಗಿದರೆ ಸಾಕು, ಎದ್ದು ಬಂದು ಅಡುಗೆಮನೆಯ ಹೊಸ್ತಿಲ ಎಡಗಡೆ ಗೋಡೆಗೆ ಒರಗಿ ಕೂರುವಳು. ಮೊದಲ ರೊಟ್ಟಿ ಅವಳದು. ಅದನ್ನು ಅವ್ವ ಸರಿಯಾಗಿ ಎರಡು ಭಾಗ ಮಾಡಿ, ಒಂದನ್ನು ಬಲಕ್ಕೆ ಒಂದನ್ನು ಎಡಕ್ಕೆ ಇಟ್ಟು, ನಡುವೆ ಶೇಂಗಾ ಚಟ್ನಿಪುಡಿ ಹಾಕಬೇಕು. ಪುಡಿ ರೊಟ್ಟಿಗೆ ತಾಗಬಾರದು. ತಾಗಿದರೆ ಆ ದಿನ ಮುಗಿಯಿತು. ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತ, ಓಣಿಯ ಆ ತುದಿಗೆ ಕೇಳುವ ಹಾಗೆ ಕಿರುಚುವಳು.

ಅವಳಿಗೆ ಮಾತು ಹಿಡಿಸುವುದಿಲ್ಲ, ವಸ್ತು ಹಿಡಿಸುತ್ತದೆ ಎಂದು ಅವ್ವ ಯಾವಾಗಲೋ ಕಂಡುಕೊಂಡಿದ್ದಳು. ಕೈಗೆ ತಂಬಿಗೆ ಕೊಟ್ಟರೆ ಸ್ನಾನ. ಕೌದಿಯ ತುದಿ ಕೊಟ್ಟರೆ ಮಲಗುವುದು. ನನ್ನ ಕಿರುಬೆರಳು ಕೊಟ್ಟರೆ ಹೊರಗೆ ಹೋಗುವುದು. ಈಗ ಇಂಥದ್ದಕ್ಕೆಲ್ಲ ದಪ್ಪ ದಪ್ಪ ಪುಸ್ತಕಗಳಿವೆಯಂತೆ, ಕುರ್ಚಿ ಹಾಕಿಕೊಂಡು ಪಾಠ ಹೇಳುತ್ತಾರಂತೆ. ಅವ್ವ ಸಾಲಿ ಕಟ್ಟೆ ಹತ್ತಿದವಳಲ್ಲ. “ಅಕಿ ದಾರಿ ಅಕಿಗೈತಿ. ನಾವು ಅಡ್ಡ ನಿಲ್ಲಬಾರದು ಅಷ್ಟ” ಎನ್ನುತ್ತಿದ್ದಳು. ಆ ದಾರಿಯಲ್ಲಿ ಅರ್ಧ ದೂರ ನನ್ನ ಕಿರುಬೆರಳೇ ನಡೆಯಬೇಕಾಗಿತ್ತು ಎಂಬುದು ಬೇರೆ ಮಾತು.

ಮದ್ದು ಹೇಳುವುದಕ್ಕೆ ನಮ್ಮ ಕಡೆ ಯಾರೂ ವೈದ್ಯರಾಗಬೇಕಿಲ್ಲ. ಮನೆಗೆ ಬಂದು ಒಂದು ಬಟ್ಟಲು ಚಹಾ ಕುಡಿದರೆ ಸಾಕು. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚು ಎಂದವರಿದ್ದರು. ತಾಯಿತ ಕಟ್ಟಿಸು ಎಂದವರಿದ್ದರು. ಬಳೆಯ ಚೂರು ಕಾಯಿಸಿ ಹಣೆಗೆ ಬರೆ ಹಾಕು, ತಟ್ಟನೆ ಮಾತು ಬರುತ್ತದೆ ಎಂದವಳು ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ. ಬರೆ ಹಾಕಿದರೆ ಯಾರ ಬಾಯಲ್ಲೂ ತಟ್ಟನೆ ಮಾತು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಅವ್ವ ಎಲ್ಲರಿಗೂ “ಆತ್ರಿ, ಮಾಡೂನ್ರಿ” ಎಂದು ತಲೆಯಾಡಿಸಿ ಏನನ್ನೂ ಮಾಡುತ್ತಿರಲಿಲ್ಲ. ಅವಳಷ್ಟು ವಿನಯದಿಂದ ಹಿರಿಯರ ಮಾತು ಮೀರಿದವರನ್ನು ನಾನು ಕಂಡಿಲ್ಲ.

ದಿನಗಳು ಹೀಗೆ ನಡೆದುಹೋಗುತ್ತಿದ್ದವು. ನಡೆಯದೇ ಇದ್ದದ್ದು ಹಬ್ಬಗಳು. ಹಬ್ಬವೆಂದರೆ ತಂಗಿಯ ಪಾಲಿಗೆ ಊರೆಲ್ಲ ಸೇರಿ ಅವಳ ಮೇಲೆ ಹೂಡುತ್ತಿದ್ದ ಸಂಚು. ರೊಟ್ಟಿಯ ಸದ್ದಿಲ್ಲ, ಹೊಸ್ತಿಲ ಹತ್ತಿರ ಕೂರುವಂತಿಲ್ಲ, ಮೈಗೆ ಚುಚ್ಚುವ ಹೊಸ ಬಟ್ಟೆ, ಮನೆ ತುಂಬ ಗದ್ದಲ ಮಾಡುವ ಜನ. ಆ ವರ್ಷದ ಯುಗಾದಿಗೆ ದೊಡ್ಡಪ್ಪನ ಅಂಗಡಿಯ ದೊಡ್ಡ ಗಿರಾಕಿಗಳು ಊಟಕ್ಕೆ ಬಂದಿದ್ದರು. ದೊಡ್ಡಪ್ಪನದು ಬಟ್ಟೆ ಅಂಗಡಿ. ಮನೆಗೂ ಅವನೇ ಯಜಮಾನ, ಅಂಗಡಿಗೂ ಅವನೇ. ಅಪ್ಪ ಎರಡು ಕಡೆಯೂ ಗುಮಾಸ್ತ. ಯುದ್ಧಕಾಲದ ಕಂಟ್ರೋಲಿನಲ್ಲಿ ತುಂಡು ಬಟ್ಟೆಗೂ ತತ್ವಾರವಿದ್ದಾಗ, ನೋಡಿ ನಮ್ಮ ಮನೆ ಮಕ್ಕಳೆಲ್ಲ ಹೊಸ ಬಟ್ಟೆಯಲ್ಲಿದ್ದಾರೆ ಎಂದು ತೋರಿಸಲು ಅವನು ನಮ್ಮನ್ನು ಸಾಲಾಗಿ ನಿಲ್ಲಿಸಿದ. ತಂಗಿ ಗಂಜಿ ಹಾಕಿದ ಹೊಸ ಲಂಗವನ್ನು ಗಿರಾಕಿಗಳ ಎದುರಿಗೇ ಚರ್ರನೆ ಹರಿದು, ಬರಿ ಮೈಯಲ್ಲಿ ನಿಂತು ಕಿರುಚಿದಳು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ದೊಡ್ಡಪ್ಪನಿಗೆ.

ಆ ಸಿಟ್ಟನ್ನು ಅವನು ಸಿಟ್ಟಾಗಿ ಹೊರಗೆ ಹಾಕಲಿಲ್ಲ. ದೊಡ್ಡಪ್ಪ ಎಂದೂ ಸಿಟ್ಟಾಗುತ್ತಿರಲಿಲ್ಲ, ಧರ್ಮದ ಮಾತಾಡುತ್ತಿದ್ದ. ಕೆಲವು ದಿನ ಬಿಟ್ಟು ಅಪ್ಪನನ್ನು ಮುಂದೆ ಕೂರಿಸಿಕೊಂಡು, ಒಳಗಿದ್ದ ಅವ್ವನಿಗೆ ಕೇಳುವಂತೆ ಹೇಳಿದ: “ಕುರುಗೋಡಿನ್ಯಾಗ ನಮ್ಮ ಸೋದರತ್ತಿ ಅದಾಳ. ದೊಡ್ಡ ಮನಿ, ಚಲೋ ಗಾಳಿ. ಅಲ್ಲೇ ಬಿಡೂಣು. ಚಲೋ ನೋಡ್ಕೊಂತಾರ.”

ಅಪ್ಪ ಅಂಗಡಿಯಲ್ಲಿ ಆಡಿಸುವ ಹಾಗೇ ತಲೆಯಾಡಿಸಿದ.

ಅವ್ವ ಕುರುಗೋಡಿನ ಆ ಮನೆಯನ್ನು ನೋಡಿದ್ದಳು. ಮದುವೆಯಾದ ಹೊಸದರಲ್ಲಿ ಅಲ್ಲಿಗೆ ಊಟಕ್ಕೆ ಕರೆದಿದ್ದರಂತೆ. ಪಡಸಾಲೆಯ ಕಲ್ಲುಕಂಬಕ್ಕೆ ನಡುವಯಸ್ಸಿನ ಗಂಡಸೊಬ್ಬನನ್ನು ಕಟ್ಟಿಹಾಕಿದ್ದರು, ಸೋದರತ್ತೆಯ ಮೈದುನ. ಹುಟ್ಟಿನಿಂದ ಹಾಗೆಯೇ ಇದ್ದವನು. ಬಂದವರೆಲ್ಲ ಅವನನ್ನು ಬಳಸಿಕೊಂಡು ಹೋಗಿ ಕೈತೊಳೆದು ಊಟಕ್ಕೆ ಕೂತರು. “ಎಷ್ಟು ಚಲೋ ನೋಡ್ಕೊಂಡಾರ ನೋಡು, ಪುಂಡಿನಾರಿನ ಹಗ್ಗ, ಮೈಗೆ ಒತ್ತಂಗಿಲ್ಲ” ಎಂದು ಒಬ್ಬಳು ಹಗ್ಗವನ್ನು ಹೊಗಳಿದಳಂತೆ. ಅವ್ವ ನೋಡಿದ್ದು ಕಂಬವನ್ನು. ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳು ಕೂರುವಷ್ಟು ಗೆರೆ ಬಿದ್ದಿತ್ತು. ನಮ್ಮ ಭಾಷೆಯಲ್ಲಿ ‘ನೋಡಿಕೊಳ್ಳುವುದು’ ಎಂಬುದೊಂದು ಪದ ಇದೆಯಲ್ಲ, ಬಹಳ ಅನುಕೂಲದ ಪದ. ಹೆಚ್ಚಿನವರು ಅದರ ಮೊದಲ ಅರ್ಧವನ್ನಷ್ಟೇ ಮಾಡಿ ಸುಮ್ಮನಾಗುತ್ತಾರೆ. ಆ ಮೈದುನ ಹಿಂದಿನ ವರ್ಷ ತೀರಿಕೊಂಡಿದ್ದ. ಕಂಬ ಖಾಲಿ ಇತ್ತು.

ಅವ್ವ ಮೊದಲ ಸಲ ಬಾಗಿಲ ಮರೆಯಿಂದ ದೊಡ್ಡಪ್ಪನಿಗೆ ಎದುರು ಮಾತಾಡಿದಳು. “ಕೂಸು ಕಲಿತೈತ್ರಿ. ನನಗ ಸ್ವಲ್ಪ ದಿನ ಕೊಡ್ರಿ.”

“ಏನು ಕಲಿತೈತಿ? ನಾಕು ಮಂದ್ಯಾಗ ಕುಂತು ಉಣ್ಣಾಕ ಬರಂಗಿಲ್ಲ.” ದೊಡ್ಡಪ್ಪ ಯೋಚಿಸಿ ದಯಾಳುವಾದ. “ಆತು. ಪಂಚಮಿಗೆ ಹೆಂಗೂ ಸಿರುಗುಪ್ಪಕ್ಕ ತವರಿಗೆ ಹೋಗ್ತಿ. ಆವತ್ತು ನಾನೂ ಅಲ್ಲೇ ಮಗ್ಗಲ ದೇಶನೂರಿಗೆ ಗಿರಾಕಿ ನೋಡಾಕ ಹೋಗೂದೈತಿ, ಉಣ್ಣಾಕ ನಿನ್ನ ತವರಿಗೇ ಬರ್ತೀನಿ. ಪಂಕ್ತ್ಯಾಗ ಸುಮ್ನ ಕುಂತು ಉಂಡ್ಲಂದ್ರ ಬಳ್ಳಾರಿಗೆ ಕರ್ಕೊಂಡು ಬಾ. ಇಲ್ಲಂದ್ರ ಅಲ್ಲಿಂದಾನ ಕುರುಗೋಡು.”

ಒಂದು ಊಟದ ಮೇಲೆ ಒಂದು ಜನ್ಮ ನಿಂತಿತು. ಕೋರ್ಟಿನಲ್ಲಾದರೂ ಎರಡು ಸಾಕ್ಷಿ ಕೇಳುತ್ತಾರೆ.

ಅವ್ವ ಪಂಚಮಿಗೆ ತಿಂಗಳು ಮುಂಚೆಯೇ ಹಬ್ಬ ಶುರುಮಾಡಿದಳು. ಅಪ್ಪನನ್ನು ಕಾಡಿ ಹೊಸ ಲಂಗದ ಬಟ್ಟೆ ತರಿಸಿ, ಹೊಲಿಸಿ, ದಿನಾ ಒಗೆದಳು. ಒಗೆದು ಬಂಡೆಗೆ ಬಡಿದು, ಒಣಗಿಸಿ, ಮತ್ತೆ ಒಗೆದು, ಗಂಜಿಯೆಲ್ಲ ಹೋಗಿ ಬಟ್ಟೆ ಹಳೆಯ ಕೌದಿಯಷ್ಟು ಮೆತ್ತಗಾಗುವವರೆಗೆ ಬಿಡಲಿಲ್ಲ. “ಮಂದಿ ಹಳೇದನ್ನ ಹೊಸಾದು ಮಾಡ್ಕೊಂತಾರ, ಇಕಿ ಹೊಸಾದನ್ನ ಹಳೇದು ಮಾಡ್ತಾಳ. ಇಂಥಾಕಿ ಕೈಯಾಗ ಮನಿ ಉದ್ಧಾರ ಆದಂಗ” ಎಂದು ದೊಡ್ಡವ್ವ ಬಂದುಹೋದವರಿಗೆಲ್ಲ ವರದಿ ಒಪ್ಪಿಸಿದಳು. ಇನ್ನು ಪಂಕ್ತಿಯ ಅಭ್ಯಾಸ. ದೊಡ್ಡವ್ವ ಮಧ್ಯಾಹ್ನ ಮಲಗಿದ ಮೇಲೆ ಅವ್ವ ಅಡುಗೆಮನೆಯಲ್ಲಿ ಪತ್ರಾವಳಿ ಹಾಸುತ್ತಿದ್ದಳು. ಅಷ್ಟು ಜನರನ್ನು ಎಲ್ಲಿಂದ ತರುವುದು? ಕೊಡ, ಕೊಳಗ, ಬೀಸುಕಲ್ಲು, ಒನಕೆ ಎಲ್ಲವನ್ನೂ ಎಲೆಗಳ ಮುಂದೆ ಕೂರಿಸಿದಳು. ತಾಮ್ರದ ಹಂಡೆ ದೊಡ್ಡಪ್ಪ. ಹೊಟ್ಟೆಯೂ ಸರಿಹೋಗುತ್ತಿತ್ತು. ನಡುವೆ ನಾನು ಮತ್ತು ತಂಗಿ. ಮೊದಲ ದಿನ ತಂಗಿ ಎಲೆ ಕಂಡು ಎದ್ದೇ ಹೋದಳು. ಎರಡನೆಯ ವಾರಕ್ಕೆ ಎಲೆಯ ಬಲಕ್ಕೆ ಅರ್ಧ ರೊಟ್ಟಿ, ಎಡಕ್ಕೆ ಅರ್ಧ, ನಡುವೆ ಪುಡಿ ಇಟ್ಟರೆ, ಸುತ್ತ ಏನೇ ಬಡಿಸಲಿ, ತನ್ನದನ್ನು ತಿಂದು ಏಳುತ್ತಿದ್ದಳು. ಹಂಡೆಯೂ ಬೀಸುಕಲ್ಲೂ ಪಂಕ್ತಿಯಲ್ಲಿ ಬಹಳ ಮರ್ಯಾದೆಯಿಂದ ನಡೆದುಕೊಂಡವು ಎನ್ನಬೇಕು.

ಪಂಚಮಿಗೆ ಎರಡು ದಿನ ಇರುವಾಗ ಹೊರಟೆವು. ಆಗ ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೊಂದು ಕುಲುಮೆ ಕಟ್ಟಿ ಇದ್ದಿಲು ಉರಿಸಿ ಓಡಿಸುತ್ತಿದ್ದರು. ಏರು ಬಂದಾಗ ನಾವೇ ಇಳಿದು ಅದಕ್ಕೆ ಸಹಾಯ ಮಾಡಬೇಕು. ಅವ್ವನ ಒಂದು ಕಂಕುಳಲ್ಲಿ ಬಟ್ಟೆಗಂಟು, ಇನ್ನೊಂದರಲ್ಲಿ ರೊಟ್ಟಿ ಬಡಿಯುವ ಹಲಗೆ. ಕಂಡಕ್ಟರ್ ಹಲಗೆ ನೋಡಿ “ಏಮಮ್ಮಾ, ಇಲ್ಲಂತಾ ಮೋಸ್ಕೊಚ್ಚಾವಾ?” ಎಂದು, ಮನೆಯನ್ನೇ ಹೊತ್ತು ತಂದೆಯಾ ಎಂಬಂತೆ ತೆಲುಗಿನಲ್ಲಿ ಗೇಲಿ ಮಾಡಿದ. ಬಸ್ಸೆಲ್ಲ ನಕ್ಕಿತು. ಸಿರಿಗೇರಿಗೆ ಇಳಿಯುವ ಮುದುಕನೊಬ್ಬ “ಯಾಕವಾ, ಸಿರುಗುಪ್ಪದಾಗ ಮರ ಇಲ್ಲೇನು?” ಎಂದ. ನನಗೆ ಸೀಟಿನ ಕೆಳಗೆ ಹೋಗಿ ಅಡಗಿಕೊಳ್ಳಬೇಕೆನಿಸಿತು. ಅವ್ವ ಮಾತ್ರ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು, ತಂಗಿ ಚಡಪಡಿಸಿದಾಗಲೆಲ್ಲ ಅದರ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟುತ್ತ ಕೂತಿದ್ದಳು. ಸಿರುಗುಪ್ಪದ ತನಕ ತಂಗಿ ಒಂದು ಸಲವೂ ಕಿರುಚಲಿಲ್ಲ. ಅದನ್ನು ಮಾತ್ರ ಬಸ್ಸಿನಲ್ಲಿ ಯಾರೂ ಗಮನಿಸಲಿಲ್ಲ.

ಸಿರುಗುಪ್ಪದಲ್ಲಿ ಇದ್ದವಳು ಅವ್ವನ ತಾಯಿ, ನಮ್ಮ ಅಜ್ಜಿ. ಅಜ್ಜಿಯ ಮನೆಯಲ್ಲಿ ಎಲ್ಲಕ್ಕೂ ಕಟ್ಟುನಿಟ್ಟು. ನೀರಿನ ಕೊಡದ ಬಾಯಿ ಮೂಡಲಿಗೇ ಇರಬೇಕು. ಪೊರಕೆ ಮಲಗಿಸಿಯೇ ಇಡಬೇಕು. ಉಪ್ಪು ಬಲಗಡೆ, ಉಪ್ಪಿನಕಾಯಿ ಎಡಗಡೆ. ಕಂಬಳಿಯ ಮಡಿಕೆ ಒಂದಿಷ್ಟು ತಪ್ಪಿದರೆ ಎದ್ದು ಮತ್ತೆ ಮಡಚುವಳು. ಯಾರಾದರೂ ಮೀರಿದರೆ ಅವಳ ಬಾಯಿ ಊರ ಅಗಸಿ ಬಾಗಿಲಿಗೆ ಕೇಳುತ್ತಿತ್ತು. ಅಜ್ಜಿಗೂ ತಂಗಿಗೂ ಇದ್ದದ್ದು ಒಂದೇ ಗುಣ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಅಜ್ಜಿಯದಕ್ಕೆ ಆಚಾರ ಎನ್ನುತ್ತಿದ್ದರು, ತಂಗಿಯದಕ್ಕೆ ಹುಚ್ಚು.

ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿಯ ಹಬ್ಬ. ಮನೆಮನೆಯಲ್ಲೂ ಕಟಕಟ ಮುರಿಯುವ ಕಟಕ್ ರೊಟ್ಟಿ ಮಾಡಿ ಓಣಿಗೆಲ್ಲ ಹಂಚಬೇಕು. ಅಂದು ಅಜ್ಜಿ, ಅವ್ವ, ಮಾವನ ಹೆಂಡತಿ ಮೂವರೂ ಕೂತು ಮಧ್ಯಾಹ್ನದವರೆಗೆ ರೊಟ್ಟಿ ಬಡಿದರು. ತಂಗಿಗೆ ಸ್ವರ್ಗ. ಹೊಸ್ತಿಲ ಎಡಗಡೆ ಕೂತವಳು ಹಿಂದೆ ಮುಂದೆ ತೂಗುತ್ತ ಕೂತೇ ಇದ್ದಳು. ಸಂಜೆ ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ನನ್ನ ಕಿರುಬೆರಳು ಹಿಡಿದು ಬಂದ ತಂಗಿ ಜೋಕಾಲಿ ಹತ್ತಿದವಳು ಇಳಿಯಲೇ ಇಲ್ಲ. ಅದು ತೂಗಿದಷ್ಟೂ ಅವಳ ಮುಖ ಅರಳುತ್ತಿತ್ತು, ನಗುವ ಸದ್ದು ಕೂಡ ಬಂತು. ನನಗೆ ಆಗ ಅದೆಲ್ಲ ಕಾಣಲಿಲ್ಲ. ನನಗೆ ಕಂಡದ್ದು, ನನ್ನ ಸರದಿ ಹೋಯಿತು ಎಂಬುದು. ಓಣಿಯ ಹುಡುಗಿಯರೆಲ್ಲ “ಮಳ್ಳಿ ಅಕ್ಕ, ಮಳ್ಳಿ ಅಕ್ಕ” ಎಂದು ನನಗೊಂದು ಹೆಸರಿಟ್ಟು, ಇನ್ನೊಂದು ಮನೆಯ ಜೋಕಾಲಿಗೆ ಓಡಿದರು. ನಾನು ತೂಗುತ್ತ ನಿಂತೆ. ಅಳು ಬರುವಷ್ಟು ಸಿಟ್ಟು ಬಂದಿತ್ತು.

ಅಂದು ಸಂಜೆ ಅವ್ವ ಅಜ್ಜಿಗೆ ಕುರುಗೋಡಿನ ಮಾತು ಹೇಳಿದಳು. ಅಜ್ಜಿ ಕೇಳುತ್ತಲೇ ರೊಟ್ಟಿ ಎಣಿಸಿ ಬುಟ್ಟಿಗೆ ಜೋಡಿಸಿದಳು. ಆಮೇಲೆ ರೊಟ್ಟಿ ಸುಡುವ ಹೆಂಚನ್ನು ತಿಕ್ಕಿ ತೊಳೆದು ಮೂಲೆಯಲ್ಲಿ ಬೋರಲು ಹಾಕಿದಳು. ಪಂಚಮಿಯ ದಿನ ಒಲೆಯ ಮೇಲೆ ಹೆಂಚಿಡಬಾರದು, ಇಟ್ಟರೆ ನಾಗಪ್ಪನ ಹೆಡೆ ಸುಡುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಹುರಿಯುವಂತಿಲ್ಲ, ಕರಿಯುವಂತಿಲ್ಲ, ತರಕಾರಿ ಹೆಚ್ಚುವಂತಿಲ್ಲ. ಹಬೆಯಲ್ಲಿ ಬೆಂದ ಕಡುಬು, ಹಿಂದಿನ ದಿನದ ರೊಟ್ಟಿ, ಉಂಡೆ ಅಷ್ಟೇ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಅಡುಗೆಮನೆಯಲ್ಲಿ ಪಟಪಟ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಕೇಳಿತು.

ಅಜ್ಜಿ ಹಾಸಿಗೆಯಿಂದ ಎದ್ದ ರಭಸಕ್ಕೆ ನಾನು ಉರುಳಿಹೋದೆ. “ಪಂಚಮಿ ದಿನ ಹೆಂಚಿಟ್ಟೇನ ನಮ್ಮವ್ವಾ! ಮನಿ ಹಾಳು ಮಾಡಿದೆಲ್ಲ!” ಎಂದು ಕೂಗುತ್ತ ಅಡುಗೆಮನೆಗೆ ನುಗ್ಗಿದಳು. ಆ ಕೂಗಿಗಿಂತ ಮೊದಲೇ ಆ ಸದ್ದು ಓಣಿಯನ್ನು ಎಬ್ಬಿಸಿತ್ತು. ಎಡಮನೆಯವಳು, ಬಲಮನೆಯವಳು, ಹಿಂದಿನ ಮನೆಯ ಇಬ್ಬರು ಸೊಸೆಯರು ಬಾಗಿಲಿಗೆ ಬಂದು ನಿಂತರು. ಪಕ್ಕದ ಮನೆಯಲ್ಲಿ ಪಾಪ ನಡೆಯುತ್ತಿದೆ ಎಂದರೆ ನಮ್ಮ ಜನ ಮುಖ ತೊಳೆಯುವಷ್ಟೂ ತಡಮಾಡುವುದಿಲ್ಲ.

ಅವ್ವ ಗೋಡೆಯ ಪಕ್ಕ ಹಲಗೆ ಮುಂದಿಟ್ಟುಕೊಂಡು ಕೂತಿದ್ದಳು. ಮುಂದೆ ಒಂದೇ ಒಂದು ಮುದ್ದೆ ಹಿಟ್ಟು. ಅದನ್ನು ಬಡಿದು ಅಗಲ ಮಾಡುವುದು, ಮತ್ತೆ ಮುದ್ದೆ ಮಾಡುವುದು, ಮತ್ತೆ ಬಡಿಯುವುದು.

“ಹೆಂಚಿಟ್ಟಿಲ್ಲವ್ವಾ. ಬರೀ ಸಪ್ಪಳ” ಎಂದಳು. “ಈ ಸಪ್ಪಳ ಇಲ್ಲಂದ್ರ ಅಕಿಗೆ ಬೆಳಕ ಹರಿಯಂಗಿಲ್ಲ. ಇವತ್ತಿನ ದಿನ ಕೆಟ್ಟರ ಕೂಸು ಕುರುಗೋಡಿಗೆ ಹೋಗ್ತೈತಿ.”

ಅಜ್ಜಿ ಮಗಳ ಮಾತು ನಂಬಲಿಲ್ಲ. ಒಲೆಗೆ ಕೈ ಹಾಕಿ ಬೂದಿ ಮುಟ್ಟಿದಳು. ತಣ್ಣಗಿತ್ತು. ಮೂಲೆಯ ಹೆಂಚನ್ನು ಮುಟ್ಟಿದಳು. ಅದೂ ತಣ್ಣಗಿತ್ತು. ಬಾಗಿಲಲ್ಲಿ ನಿಂತವರಿಗೆ ಬಹಳ ನಿರಾಸೆಯಾಯಿತು. ಎಡಮನೆಯವಳು ಮಾತ್ರ ಬಿಡಲಿಲ್ಲ. “ಬೆಂಕಿ ಇಲ್ಲಂದ್ರೇನಾತು? ಪಂಚಮಿ ದಿನ ರೊಟ್ಟಿ ಸಪ್ಪಳ ಕೇಳಿದ್ರ ನಾಗಪ್ಪ ಸುಮ್ನಿರ್ತಾನೇನು?” ಎಂದಳು.

ಅಷ್ಟರಲ್ಲಿ ತಂಗಿ ಎದ್ದು ಬಂದು, ಅಷ್ಟು ಹೆಂಗಸರ ಕಾಲುಗಳ ನಡುವೆ ದಾರಿ ಮಾಡಿಕೊಂಡು, ಹೊಸ್ತಿಲ ಎಡಗಡೆ ಗೋಡೆಗೆ ಒರಗಿ ಕೂತಳು. ಅಜ್ಜಿ ಅವಳನ್ನು ನೋಡಿದಳು.

“ಹೆಂಚಿಡಬಾರದು ಅಂತ ನಮ್ಮತ್ತಿ ಹೇಳಿದ್ಲು. ಸಪ್ಪಳ ಮಾಡಬಾರದು ಅಂತ ಹೇಳಿಲ್ಲ” ಎಂದು ಕೊನೆಗೆ ತೀರ್ಪು ಕೊಟ್ಟಳು. “ಬಿಸಿ ತಾಗಿದ್ರ ನಾಗಪ್ಪಗ ನೋವು. ಸಪ್ಪಳ ಏನ್ ಮಾಡ್ತೈತಿ? ನಾಗಪ್ಪಗ ಕಿವಿ ಎಲ್ಲಿದಾವ, ಕೇಳಾಕ?”

ಎಡಮನೆಯವಳು ಸೆರಗು ಸರಿಮಾಡಿಕೊಂಡು ಮನೆಗೆ ಹೊರಟಳು. ಅವ್ವ ಹಿಂದಿನ ದಿನದ ರೊಟ್ಟಿಯನ್ನು ಎರಡು ಭಾಗ ಮಾಡಿ ತಂಗಿಯ ಮುಂದೆ ಇಟ್ಟಳು. ಅವಳು ತಿಂದಳು.

ಬೆಳಕು ಬಲಿತ ಮೇಲೆ ಹೆಂಗಸರು ಮಕ್ಕಳು ನಾಗರಕಲ್ಲಿಗೆ ಹಾಲೆರೆಯಲು ಹೋದೆವು. ತಂಗಿ ಹಳೆಯದಾಗಿದ್ದ ಹೊಸ ಲಂಗ ತೊಟ್ಟು ಹಳೆಯ ಬಟ್ಟೆ ತೊಟ್ಟವಳ ಹಾಗೇ ಸುಮ್ಮನಿದ್ದಳು. “ಎರಕೋತ ಏನ್ ಬೇಕು ಬೇಡ್ಕೋ. ಯಾರಿಗೂ ಹೇಳಬ್ಯಾಡ” ಎಂದಳು ಅವ್ವ. ನಾನು ಕಣ್ಣುಮುಚ್ಚಿ ಹಾಲೆರೆದು ಬೇಡಿಕೊಂಡೆ. ಏನು ಬೇಡಿಕೊಂಡೆ ಎಂಬುದನ್ನು ಈಗಲೇ ಹೇಳಲಾರೆ, ಇನ್ನೊಂದೆರಡು ಮಾತು ಕಳೆಯಲಿ.

ಮಧ್ಯಾಹ್ನ ದೊಡ್ಡಪ್ಪ ಬಂದ. ಮೊದಲ ಪಂಕ್ತಿ ಗಂಡಸರದು, ಮಕ್ಕಳದು. ಎದುರುಬದುರು ಎಲೆ ಹಾಕಿದ್ದರು, ಒಟ್ಟು ಹನ್ನೆರಡು. ದೊಡ್ಡಪ್ಪನನ್ನು ಬೀಗರೆಂದು ಮೊದಲ ಮಣೆಗೆ ಕೂರಿಸಿದರು. ಅವನ ಎಡಕ್ಕೆ, ಮೂಲೆಯ ಗೋಡೆಗೆ ಒರಗಿ ತಂಗಿ, ಎದುರಿಗೆ ನಾನು. ಅವಳ ಎಲೆಯ ಬಲಕ್ಕೆ ಅರ್ಧ ರೊಟ್ಟಿ, ಎಡಕ್ಕೆ ಅರ್ಧ, ನಡುವೆ ಪುಡಿ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ಕಡುಬು ಬಂತು, ಅನ್ನ ಸಾರು ಬಂತು, ತುಪ್ಪ ಬಂತು, ಶೇಂಗಾ ಉಂಡೆ ಎಳ್ಳುಂಡೆ ಬಂದವು. ತಂಗಿ ಬಲದ ರೊಟ್ಟಿ ಮುಗಿಸಿದಳು. ಚಮಚದಷ್ಟು ಪುಡಿ ನೆಕ್ಕಿದಳು. ಎಡದ ರೊಟ್ಟಿಗೆ ಕೈ ಹಾಕಿದಳು. ಅವಳಷ್ಟು ಶಿಸ್ತಾಗಿ ಆ ಪಂಕ್ತಿಯಲ್ಲಿ ಇನ್ನಾರೂ ಉಣ್ಣುತ್ತಿರಲಿಲ್ಲ. ಮಾವ ಸೊರಸೊರ ಸಾರು ಹೀರುತ್ತಿದ್ದ, ದೊಡ್ಡಪ್ಪನ ಮೊಣಕೈ ತನಕ ತುಪ್ಪ ಇಳಿದಿತ್ತು.

ಇನ್ನು ನಾಲ್ಕು ತುತ್ತು ಉಳಿದಿರುವಾಗ ದೊಡ್ಡಪ್ಪನಿಗೆ ಕರುಣೆ ಉಕ್ಕಿತು. ಎಲ್ಲರೂ ನೋಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ತನ್ನ ಎಲೆಯಿಂದ ಒಂದು ಉಂಡೆ ತೆಗೆದು, “ಬರೀ ರೊಟ್ಟಿ ಯಾಕವಾ? ಉಂಡಿ ತಿನ್ನು, ದೇವರ ಕೂಸು ನೀನು” ಎಂದು ಅವಳ ಎಲೆಯ ನಡುವೆ, ಪುಡಿಯ ಮೇಲೆಯೇ ಇಟ್ಟ.

ಇಡೀ ತಿಂಗಳ ಅಭ್ಯಾಸದಲ್ಲಿ ಹಂಡೆ ಒಮ್ಮೆಯೂ ಇನ್ನೊಬ್ಬರ ಎಲೆಗೆ ಕೈ ಹಾಕಿರಲಿಲ್ಲ.

ತಂಗಿ ಉಂಡೆಯನ್ನು ನೋಡಿದಳು. ಪುಡಿ ಚೆದುರಿ ರೊಟ್ಟಿಗೆ ತಾಗಿತ್ತು. ಕಿರುಚಿದಳು ನೋಡಿ, ಗೋಡೆಗೆ ತಲೆ ಬಡಿದಳು, ಎಲೆಯನ್ನು ಎತ್ತಿ ಒಗೆದಳು. ಉಂಡೆ ಉರುಳಿ ನನ್ನ ಎಲೆಗೆ ಬಂತು, ಪುಡಿ ದೊಡ್ಡಪ್ಪನ ಬಿಳಿ ಧೋತರಕ್ಕೆ ಚೆಲ್ಲಿತು. ಅವ್ವ ಓಡಿಬಂದು ಅವಳ ತಲೆಗೂ ಗೋಡೆಗೂ ನಡುವೆ ತನ್ನ ಅಂಗೈ ಇಟ್ಟಳು. ಪ್ರತಿ ಪೆಟ್ಟೂ ಅವ್ವನ ಅಂಗೈಗೆ ಬೀಳುತ್ತಿತ್ತು.

ದೊಡ್ಡಪ್ಪ ಧೋತರ ಝಾಡಿಸಿಕೊಂಡು, ಸಿಟ್ಟಾಗದೆ, ನಿಟ್ಟುಸಿರಿಟ್ಟ. “ನೋಡಿದ್ರೆಲ್ಲ. ನಾ ಏನ್ ಸುಳ್ಳು ಹೇಳಿದ್ನೇನು? ಎಲ್ಲಾ ಶಿವನ ಇಚ್ಛಾ. ನಾಳೆ ಹೊತ್ತಿಗೆ ಕುರುಗೋಡಿನ ಬಸ್ಸಿಗೆ...”

“ಬೀಗರ” ಎಂದಳು ಅಜ್ಜಿ.

ಅವಳು ಕಡುಬಿನ ಬುಟ್ಟಿಯನ್ನು ಕೆಳಗಿಟ್ಟು ಪಂಕ್ತಿಯ ನಡುವೆ ಬಂದು ನಿಂತಿದ್ದಳು. “ತಪ್ಪು ತಿಳೀಬ್ಯಾಡ್ರಿ, ಒಂದು ಮಾತು ಕೇಳ್ತೀನಿ. ಆ ಉಂಡಿ ಯಾರ ಎಲ್ಯಾಗಿಂದು?”

“ನಂದ.”

“ಉಂಡ ಕೈಲೆ ತಗದ್ರಿ?”

“ಪ್ರೀತಿಲೆ ಹಾಕಿದೆ, ಕೂಸಿಗೆ...”

“ಪ್ರೀತಿಯಾದ್ರ ಎಂಜಲಾ ಅಲ್ಲೇನ್ರಿ?” ಅಜ್ಜಿಯ ದನಿ ಏರಿತು. “ಎಂಜಲ ಕೈಲೆ, ಎಂಜಲ ಎಲ್ಯಾಗಿಂದು, ಉಣ್ಣೋರ ಎಲಿಗೆ ಹಾಕೂದು ಯಾವ ಊರ ಪದ್ಧತಿ? ಈ ಮನ್ಯಾಗ ಮೂರು ತಲಿಯಿಂದ ಯಾರೂ ಹಂಗ ಮಾಡಿಲ್ಲ. ಹತ್ತು ಮಂದಿ ನೋಡಿದ್ರಿ, ಬಾಯಾಗ ಕಡುಬು ತುಂಬ್ಕೊಂಡು ಸುಮ್ನ ಕುಂತ್ರಿ. ತಪ್ಪು ತಪ್ಪು ಅಂತ ಬಾಯಿ ಮಾಡಿದಾಕಿ ಅಕಿ ಒಬ್ಬಾಕಿ!”

ಮಾವ ಸಾರು ಹೀರುವುದನ್ನು ನಿಲ್ಲಿಸಿದ್ದ. ತಂಗಿಯ ಕಿರುಚಾಟ ನಡೆದೇ ಇತ್ತು, ಈಗ ಅದು ಅಜ್ಜಿಯ ಮಾತಿಗೆ ಸಾಕ್ಷಿ ಹೇಳುತ್ತಿರುವಂತೆ ಕೇಳುತ್ತಿತ್ತು. ದೊಡ್ಡಪ್ಪ ತನ್ನ ಎಂಜಲು ಕೈಯನ್ನು ಹಿಂದಕ್ಕೆ ಸರಿಸಿಕೊಂಡ. ಯಾವಾಗಲೂ ಧರ್ಮದ ಮಾತಾಡುತ್ತಿದ್ದವನಿಗೆ ಈಗ ಧರ್ಮದ್ದೇ ಮಾತು ಎದುರಾಗಿತ್ತು.

“ಪಂಕ್ತ್ಯಾಗ ಕುಂತು ಉಣ್ಣಾಕ ಬರದೋರನ್ನ ಕುರುಗೋಡಿಗೆ ಕಳಸೂದು ಅಂದ್ರ, ಕಳಸ್ರಿ. ಬ್ಯಾಡ ಅನ್ನಂಗಿಲ್ಲ” ಎಂದಳು ಅಜ್ಜಿ, ಮತ್ತೆ ಬುಟ್ಟಿ ಎತ್ತಿಕೊಂಡು. “ಆದ್ರ ಎರಡು ಟಿಕೀಟು ತಗೀರಿ.”

ಮಾವನಿಗೆ ಬಾಯಲ್ಲಿದ್ದ ಸಾರು ನೆತ್ತಿಗೇರಿತು. ಆಮೇಲೆ ಅವನು ಕೆಮ್ಮಿದ್ದೋ ನಕ್ಕಿದ್ದೋ ಇವತ್ತಿಗೂ ನನಗೆ ತಿಳಿಯದು. ಅಜ್ಜಿ ತಂಗಿಗೆ ಹೊಸ ಎಲೆ ಹಾಕಿದಳು. ಒಂದು ಇಡೀ ರೊಟ್ಟಿ ತಂದು, ನಡುವೆ ಮುರಿದು, ಬಲಕ್ಕೊಂದು ಎಡಕ್ಕೊಂದು ಇಟ್ಟು, ಪುಡಿ ತಾಗದಂತೆ ಹಾಕಿದಳು. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ಬೆಳಿಗ್ಗೆ ಒಂದು ಸಲ ನೋಡಿದ್ದಳು, ಅಷ್ಟೇ.

ಮೂರನೆಯ ದಿನ ಅದೇ ಇದ್ದಿಲ ಬಸ್ಸಿನಲ್ಲಿ ಬಳ್ಳಾರಿಗೆ ಹೊರಟೆವು. ನಮ್ಮನ್ನು ಕರೆದೊಯ್ಯಲು ಉಳಿದಿದ್ದ ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಗೂಟದಂತೆ ಕೂತಿದ್ದ. ಕುರುಗೋಡಿನ ಹೆಸರು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಕೆಲವೇ ತಿಂಗಳಲ್ಲಿ ಅವನು ಗಿರಾಕಿಗಳ ಮುಂದೆ, “ಇಂಥಾ ಕೂಸನ್ನ ಮಂದಿ ಹೊರಗ ಹಾಕ್ತಾರ. ನಾವು ಹಾಕಿಲ್ಲ ನೋಡ್ರಿ, ಮನ್ಯಾಗ ಇಟ್ಕೊಂಡೀವಿ” ಎಂದು ಹೇಳತೊಡಗಿದ. ಕೇಳಿದವರು ಅವನ ದೊಡ್ಡ ಮನಸ್ಸಿಗೆ ಕೈಮುಗಿದರು. ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರುವ ಹೊತ್ತಿಗೆ ತಂಗಿ ಅವ್ವನ ಪಕ್ಕ ಕೂತು ದಿನಾ ಬೆಳಿಗ್ಗೆ ತಾನೇ ಒಂದು ರೊಟ್ಟಿ ಬಡಿಯುತ್ತಿದ್ದಳು. ಒಂದೇ. ಎರಡನೆಯದಕ್ಕೆ ಯಾರಪ್ಪನಾಣೆಗೂ ಕೈ ಹಚ್ಚುತ್ತಿರಲಿಲ್ಲ.

ಇಷ್ಟು ಹೊತ್ತು ದೊಡ್ಡಪ್ಪ, ದೊಡ್ಡವ್ವ, ಓಣಿಯವರು ಎಲ್ಲರನ್ನೂ ಆಡಿಕೊಂಡೆ. ಬಾಯಿ ನೋಯುವಷ್ಟು ಆಡಿಕೊಂಡೆ. ಒಬ್ಬಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಆ ಬಸ್ಸಿನಲ್ಲಿ ತಂಗಿ ನನ್ನ ಕಿರುಬೆರಳು ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಅವ್ವ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು. “ಹಬ್ಬ ಮುಗೀತು, ಈಗ ಹೇಳು. ನಾಗಪ್ಪನ್ನ ಏನ್ ಬೇಡ್ಕೊಂಡೆ?”

ನಾನು ಬೇಡಿಕೊಂಡದ್ದು ಇಷ್ಟು: ತಂಗಿ ಕುರುಗೋಡಿಗೆ ಹೋಗಲಿ. ಮುಂದಿನ ಪಂಚಮಿಗೆ ನಾನೊಬ್ಬಳೇ ಜೋಕಾಲಿ ಆಡುವಂತಾಗಲಿ. ಅವ್ವ ಅಜ್ಜಿಗೆ ಹೇಳಿದ್ದ ಕಂಬದ ಗೆರೆಯ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೇಡಿಕೊಂಡಿದ್ದೆ.

“ತಂಗಿ ನಮ್ಮನ್ಯಾಗ ಇರಲಿ ಅಂತ” ಎಂದೆ.

ಅವ್ವ ನನ್ನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. ಅವಳು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಸಾಯುವವರೆಗೂ, ಬಂದವರಿಗೆ, ಹೋದವರಿಗೆ, ನನ್ನ ಗಂಡನಿಗೆ, ನನ್ನ ಮಕ್ಕಳಿಗೆ ಹೇಳುತ್ತಲೇ ಇದ್ದಳು: “ನನ್ನ ಹಿರಿ ಮಗಳು ಬೇಡ್ಕೊಂಡಿದ್ದಕ್ಕ ಸಣ್ಣಾಕಿ ಮನ್ಯಾಗ ಉಳದ್ಲು. ಅಕಿ ಮಾತು ನಾಗಪ್ಪ ಕೇಳಿಸ್ಕೊಂಡ.”

ನಾನು ಒಮ್ಮೆಯೂ ತಿದ್ದಲಿಲ್ಲ. ಪ್ರತಿ ಪಂಚಮಿಗೂ ಹಾಲೆರೆಯುವಾಗ ಅಜ್ಜಿಯ ತೀರ್ಪನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ನಾಗಪ್ಪನಿಗೆ ಕಿವಿಯಿಲ್ಲ.